ವಿಯೆನ್ನಾದ ಕ್ರಿಸ್‌ಮಸ್ ಸಂತೆ: ರಾಟ್‌ಹೌಸ್‌ಪ್ಲಾಟ್ಸೋ, ಸ್ಪಿಟ್ಟೆಲ್‌ಬರ್ಗೋ?

ಒಂದೇ ಸಂಜೆ ಬಿಡುವಿದೆಯೇ? ಜೊತೆಗೆ ಮಕ್ಕಳಿದ್ದರೆ ನಗರಸಭೆ ಕಟ್ಟಡದ ಮುಂದಿನ ರಾಟ್‌ಹೌಸ್‌ಪ್ಲಾಟ್ಸ್‌ಗೇ ಹೋಗಿ. 1975ರಿಂದ ಇಲ್ಲಿ ಸಂತೆ ನಡೆಯುತ್ತಿದೆ. ಮುಗಿಲೆತ್ತರದ ಕ್ರಿಸ್‌ಮಸ್ ಮರ, ಪಕ್ಕದ ಪಾರ್ಕಿನಲ್ಲಿ ಐಸ್ ಸ್ಕೇಟಿಂಗ್. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಆದರೆ ವಾರಾಂತ್ಯದ ಸಂಜೆ ಕಾಲಿಡಲೂ ಜಾಗವಿರುವುದಿಲ್ಲ. ಮಾರುವ ಸಾಮಾನಿನಲ್ಲೂ ಎಲ್ಲೆಡೆ ಸಿಗುವಂಥದ್ದೇ ಹೆಚ್ಚು.

ಕೊಳ್ಳುವ ಮನಸ್ಸಿದ್ದವರಿಗೆ ನನ್ನ ಆಯ್ಕೆ ಸ್ಪಿಟ್ಟೆಲ್‌ಬರ್ಗ್. ಫೋಕ್ಸ್‌ಥಿಯೇಟರ್ ಮೆಟ್ರೋ ನಿಲ್ದಾಣದಿಂದ ಸ್ವಲ್ಪವೇ ನಡಿಗೆ. ಕಲ್ಲು ಹಾಸಿದ ಇಕ್ಕಟ್ಟಾದ ಗಲ್ಲಿಗಳು, ಎರಡೂ ಬದಿಗೆ ಹಳೆಯ ಕಾಲದ ಮನೆಗಳು, ಅವುಗಳ ನಡುವೆ ಪುಟ್ಟ ಮರದ ಮಳಿಗೆಗಳು. ಪಿಂಗಾಣಿ ಬಟ್ಟಲು, ಬೆಳ್ಳಿ ಓಲೆ, ಉಣ್ಣೆಯ ಟೋಪಿ: ಕೈಕೆಲಸವೇ ಇಲ್ಲಿನ ಜೀವಾಳ. ಮಗುವಿನ ತಳ್ಳುಗಾಡಿ ಮಾತ್ರ ಇಲ್ಲಿ ತೀರಾ ತ್ರಾಸು.

ತಿಂಡಿಯ ವಿಷಯದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ಸಸ್ಯಾಹಾರಿಗಳು ಕೆಂಡದಂತೆ ಬಿಸಿಯಾದ ಚೆಸ್ಟ್‌ನಟ್ ಪೊಟ್ಟಣ ಹಿಡಿದುಕೊಳ್ಳಿ. ಸಿಪ್ಪೆ ಬಿಚ್ಚುತ್ತಿದ್ದಂತೆ ಮರಗಟ್ಟಿದ ಬೆರಳಿಗೂ ಜೀವ ಬರುತ್ತದೆ. ಬೆಳ್ಳುಳ್ಳಿ ಸವರಿದ ಲಾಂಗೋಶ್ (ಹಂಗೇರಿಯ ಕರಿದ ರೊಟ್ಟಿ) ಬಲು ರುಚಿ, ಕರಿದ ಎಣ್ಣೆ ಯಾವುದೆಂದು ಕೇಳಿಯೇ ತಿನ್ನಿ. ಮದ್ಯ ಬೇಡವಾದರೆ ‘ಕಿಂಡರ್‌ಪುನ್ಶ್’ ಎಂದು ಕೇಳಿ, ಮದ್ಯವಿಲ್ಲದ ಬಿಸಿ ಪಾನೀಯ ಕೊಡುತ್ತಾರೆ. ಮಗ್‌ಗೆ ಠೇವಣಿ ಹಿಡಿಯುತ್ತಾರೆ, ಮಗ್ ಮರಳಿಸಿದರೆ ಹಣ ವಾಪಸ್.

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ವಾರದ ದಿನ, ಆ ಹೊತ್ತಿಗೇ ತಲುಪಿದರೆ ದೀಪಗಳೂ ಸಿಗುತ್ತವೆ, ಓಡಾಡಲು ಜಾಗವೂ. ಸ್ಪಿಟ್ಟೆಲ್‌ಬರ್ಗ್ ಸಂತೆ ಸಾಮಾನ್ಯವಾಗಿ ಡಿಸೆಂಬರ್ 23ಕ್ಕೇ ಮುಗಿಯುತ್ತದೆ. ಕ್ರಿಸ್‌ಮಸ್ ದಿನವೇ ಊರಲ್ಲಿರುವವರಿಗೆ ರಾಟ್‌ಹೌಸ್‌ಪ್ಲಾಟ್ಸ್ ಗತಿ.