ಲಂಡನ್‌ನಲ್ಲಿ ಬ್ಯಾಗ್ ಕಳುವಾದರೆ ‘ಪರ್ಸ್’ ಅಂತ ಬರೆಸಬೇಡಿ

ಬ್ರಿಟನ್‌ಗೆ ಮಕ್ಕಳ ಮನೆಗೋ ಪ್ರವಾಸಕ್ಕೋ ಹೊರಟವರು ಇದನ್ನೊಮ್ಮೆ ಓದಿಕೊಂಡು ಹೋಗಿ. ಅಲ್ಲಿ ಹೆಗಲ ಬ್ಯಾಗ್ ಕಳುವಾದರೆ ಪೊಲೀಸರ ಹತ್ತಿರ ‘ಪರ್ಸ್’ ಅನ್ನಬೇಡಿ. ‘ಹ್ಯಾಂಡ್‌ಬ್ಯಾಗ್’ ಅನ್ನಿ.

ನಮ್ಮತ್ತೆಯವರ ವ್ಯಾನಿಟಿ ಬ್ಯಾಗ್ ಲಂಡನ್ನಿನ ಒಂದು ಕೆಫೆಯಲ್ಲಿ ಕುರ್ಚಿಗೆ ನೇತುಹಾಕಿದ್ದು ಹಾಗೇ ಮಾಯವಾಯಿತು. ಒಳಗೆ ಪಾಸ್‌ಪೋರ್ಟ್, ಫೋನ್, ಕನ್ನಡಕ, ಬಿಪಿ ಮಾತ್ರೆ, ಸ್ವಲ್ಪ ಪೌಂಡು. ತುರ್ತಲ್ಲದ ದೂರಿಗಿರುವ ಅಲ್ಲಿಯ ಪೊಲೀಸ್ ನಂಬರ್ 101ಕ್ಕೆ ಫೋನ್ ಮಾಡಿ ದೂರು ಕೊಡುವಾಗ ಅತ್ತೆ ‘ಪರ್ಸ್’ ಹೋಯಿತು ಅಂದರು. ಬೆಂಗಳೂರಿನಲ್ಲಿ ಯಾರಿಗೆ ಹೇಳಿದ್ದರೂ ಅರ್ಥವಾಗುತ್ತಿತ್ತು, ಅಲ್ವಾ? ಅಲ್ಲಿಯವರು ಹೇಳಿದ್ದನ್ನೇ ಬರೆದುಕೊಂಡರು. ಬ್ರಿಟನ್‌ನಲ್ಲಿ ಪರ್ಸ್ ಅಂದರೆ ಹೆಂಗಸರು ಚಿಲ್ಲರೆ, ನೋಟು, ಕಾರ್ಡು ಇಟ್ಟುಕೊಳ್ಳುವ ಅಂಗೈಯಗಲದ ಚೀಲ, ಅಷ್ಟೇ. ಅದು ಹ್ಯಾಂಡ್‌ಬ್ಯಾಗಿನ ಒಳಗೆ ಇರುವಂಥದ್ದು.

ಊರಿಗೆ ಬಂದ ಮೇಲೆ ಶುರುವಾಯಿತು ಗೋಳು. ವರದಿಯಲ್ಲಿ ಪರ್ಸ್ ಅಂತಿದೆ, ನೀವು ಫೋನು, ಕನ್ನಡಕ, ಬ್ಯಾಗು ಅಂತ ಪಟ್ಟಿ ಕೊಟ್ಟಿದ್ದೀರಿ, ಪರ್ಸಿನಲ್ಲಿ ಇಷ್ಟೆಲ್ಲ ಹೇಗೆ ಹಿಡಿಸಿತು ಅಂತ ಟ್ರಾವೆಲ್ ಇನ್ಶೂರೆನ್ಸ್‌ನವರ ತಕರಾರು. ಹಾಗೆ ಕೇಳಿದ ಹುಡುಗಿಯೂ ಸಂಜೆ ತನ್ನ ‘ಪರ್ಸ್’ ಹೆಗಲಿಗೆ ಹಾಕಿಕೊಂಡೇ ಮನೆಗೆ ಹೋಗಿರುತ್ತಾಳೆ ಅನ್ನೋದು ನನ್ನ ಗುಮಾನಿ. ಪಾಸ್‌ಪೋರ್ಟ್ ಬದಲು ಭಾರತದ ಹೈಕಮಿಷನ್ ಕೊಟ್ಟ ಎಮರ್ಜೆನ್ಸಿ ಸರ್ಟಿಫಿಕೇಟ್ ಕೈಯಲ್ಲಿತ್ತು. ಹಾಗಾಗಿ ಆ ಖರ್ಚನ್ನು ಇನ್ಶೂರೆನ್ಸ್‌ನವರು ಕೊಟ್ಟರು. ಫೋನು, ಕನ್ನಡಕದ ದುಡ್ಡು ಹೋಯಿತು.

ಅಮೆರಿಕಕ್ಕೆ ಹೋದರೆ ಲೆಕ್ಕ ತಿರುಗುಮುರುಗು. ಅಲ್ಲಿ ಪರ್ಸ್ ಅಂದರೆ ಇಡೀ ಹ್ಯಾಂಡ್‌ಬ್ಯಾಗೇ. ದುಡ್ಡಿನ ಚೀಲ ಗಂಡಸರದ್ದಾದರೂ ಹೆಂಗಸರದ್ದಾದರೂ ವಾಲೆಟ್. ಅಲ್ಲಿಯ ಪೂರ್ವ ಭಾಗದ ವಯಸ್ಸಾದ ಹೆಂಗಸರು ಹ್ಯಾಂಡ್‌ಬ್ಯಾಗನ್ನು ‘ಪಾಕೆಟ್‌ಬುಕ್’ ಅಂತಲೂ ಕರೆಯುತ್ತಾರೆ. ಬ್ರಿಟನ್ನಿನವರಿಗೆ ಅದು ಜೇಬಿನಲ್ಲಿಡುವ ನೋಟ್‌ಪುಸ್ತಕ. ಇನ್ನು ನಮ್ಮ ‘ವ್ಯಾನಿಟಿ ಬ್ಯಾಗ್’ ಅಂದರೆ ಅವರಿಗೆ ಮೇಕಪ್ ಡಬ್ಬಿ ನೆನಪಾದೀತು. ಸೊಂಟಕ್ಕೆ ಕಟ್ಟುವ ಚೀಲಕ್ಕೆ ಅಮೆರಿಕದವರು ‘ಫ್ಯಾನಿ ಪ್ಯಾಕ್’ ಅಂತಾರೆ. ಆ ಮೊದಲ ಪದ ಬ್ರಿಟನ್‌ನಲ್ಲಿ ಹೊಲಸು ಮಾತು. ಅಲ್ಲಿ ‘ಬಮ್ ಬ್ಯಾಗ್’ ಅನ್ನಿ, ಸಾಕು.

ಇಷ್ಟಕ್ಕೂ ಅತ್ತೆಯವರನ್ನ ದೂರಿ ಏನು ಪ್ರಯೋಜನ? ನಮ್ಮ ವಿಮಾನಗಳಲ್ಲಿ ‘ಹ್ಯಾಂಡ್ ಬ್ಯಾಗ್’ ಅಂದರೆ ಸಾಮಾನ್ಯವಾಗಿ 7 ಕೆಜಿಯ ಕ್ಯಾಬಿನ್ ಬ್ಯಾಗ್, ಹೆಗಲಿಗೆ ಹಾಕೋದು ‘ಲೇಡೀಸ್ ಪರ್ಸ್’. ಮನೆಯಿಂದ ಹೊರಟಾಗಿನಿಂದ ಕೇಳಿದ್ದು ಅದನ್ನೇ.

ಬರೀ ಹೆಸರು ಹೇಳಿ ಸುಮ್ನಾಗಬೇಡಿ. ಬಣ್ಣ, ಅಳತೆ, ಪಟ್ಟಿ ಉದ್ದವೋ ಗಿಡ್ಡವೋ, ಒಳಗೆ ಏನೇನಿತ್ತು, ಎಲ್ಲವನ್ನೂ ಬರೆಸಿ. ಕ್ರೈಮ್ ರೆಫರೆನ್ಸ್ ನಂಬರ್, ಅಂದರೆ ನಿಮ್ಮ ದೂರಿಗೆ ಪೊಲೀಸರು ಕೊಡುವ ನಂಬರ್, ಕೇಳಿ ತೆಗೆದುಕೊಳ್ಳಿ. ಏನು ಬರೆದುಕೊಂಡಿದ್ದಾರೆ ಅಂತ ಅವರಿಂದಲೇ ಓದಿಸಿ ಕೇಳಿ. ತಪ್ಪಿದ್ದರೆ ಆ ನಂಬರ್ ಹೇಳಿ, ಊರಿಗೆ ಹೊರಡುವ ಮುಂಚೆಯೇ ತಿದ್ದಿಸಿ.