ಈ ಹೂಳು ಎಲ್ಲಿಂದ ಬಂತು? ಜೇಡಿ ಖನಿಜ, ಧಾತು: ಎರಡನ್ನೂ ಕೇಳಿ ನೋಡಿದೆ

ಸಮುದ್ರದ ತಳದಿಂದ ಕೊಳವೆಯಲ್ಲಿ ತೆಗೆದ ಹೂಳು. ಒಂದೊಂದು ಪದರವನ್ನೂ ಎರಡು ಪಾಲು ಮಾಡಿದೆ. ಒಂದರಲ್ಲಿ ಜೇಡಿ ಖನಿಜ ನೋಡಿದೆ, ಇನ್ನೊಂದರಲ್ಲಿ ಧಾತುಗಳನ್ನು ಅಳೆದೆ. ಮಣ್ಣಿನ ಮೂಲ ಯಾವುದು, ಆಗಿನ ಹವಾಮಾನ ಹೇಗಿತ್ತು ಅನ್ನೋದೇ ಪ್ರಶ್ನೆ.

ಜೇಡಿ ಖನಿಜಕ್ಕೆ ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು. 2 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನಷ್ಟೇ ಬೇರ್ಪಡಿಸಬೇಕು. ನೀರಿನಲ್ಲಿ ಕದಡಿ ಬಿಟ್ಟರೆ ದಪ್ಪ ಕಣಗಳೆಲ್ಲ 10 ಸೆಂ.ಮೀ. ಕೆಳಗಿಳಿಯಲು ಸುಮಾರು 8 ಗಂಟೆ ಬೇಕು. ಮೇಲೆ ಉಳಿದದ್ದನ್ನು ಗಾಜಿನ ಪಟ್ಟಿಯ ಮೇಲೆ ಒಣಗಿಸಿ ಎಕ್ಸ್‌ರೇ ಯಂತ್ರಕ್ಕೆ ಇಡುತ್ತೇನೆ. ಸ್ಮೆಕ್ಟೈಟ್ ಎಂಬ ಜೇಡಿ ಖನಿಜವನ್ನು ಗುರುತಿಸುವುದು ಪ್ರತಿ ಸಲವೂ ಖುಷಿ ಕೊಡುತ್ತದೆ. ಗ್ಲೈಕಾಲ್ ಎಂಬ ದ್ರವ ತಾಗಿದರೆ ಸಾಕು, ಅದರ ಹರಳಿನ ಒಳಪದರಗಳ ಅಂತರ 17 ಆಂಗ್‌ಸ್ಟ್ರಾಮ್‌ವರೆಗೆ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಉಬ್ಬುತ್ತದೆ. ಇಲ್ಲೈಟ್ ಎಂಬ ಇನ್ನೊಂದು ಖನಿಜ ಮಾತ್ರ 10ರಲ್ಲೇ ಇರುತ್ತದೆ. ಸತಾಯಿಸಿದ್ದು ಕಯೋಲಿನೈಟ್ ಮತ್ತು ಕ್ಲೋರೈಟ್ ಎಂಬ ಇನ್ನೆರಡು ಜೇಡಿ ಖನಿಜ. ಎರಡರ ಪೀಕ್ (ಯಂತ್ರ ಬರೆಯುವ ಗೆರೆಯಲ್ಲಿ ಆ ಅಂತರ ತೋರಿಸುವ ಶಿಖರ) ಕೂಡ 7ರ ಹತ್ತಿರ ಬರುತ್ತದೆ. 550 ಡಿಗ್ರಿಗೆ ಕಾಯಿಸಿದ ಮೇಲೆ ಕಯೋಲಿನೈಟ್ ಪೀಕ್ ಅಳಿಸಿಹೋಯಿತು, ಕ್ಲೋರೈಟ್‌ನ 14ರ ಪೀಕ್ ಉಳಿಯಿತು.

ಧಾತುಗಳ ದಾರಿಗೆ ಹಣ ಬೇಕು, ಆದರೆ ಕೈಗೆ ನೇರವಾಗಿ ಸಂಖ್ಯೆ ಸಿಗುತ್ತದೆ. ನೆಸ್ಬಿಟ್ ಮತ್ತು ಯಂಗ್ 1982ರಲ್ಲಿ ಕೊಟ್ಟ ಸೂಚ್ಯಂಕ ಬಂಡೆ ಎಷ್ಟು ಕೊಳೆತಿದೆ ಅನ್ನೋದನ್ನು ಹೇಳುತ್ತದೆ. ತಾಜಾ ಗ್ರಾನೈಟ್‌ಗೆ 50ರ ಆಸುಪಾಸು, ಶುದ್ಧ ಕಯೋಲಿನೈಟ್‌ಗೆ ಹೆಚ್ಚುಕಡಿಮೆ 100. ಮೊದಲ ಸಲ ನಾನು ಚಿಪ್ಪಿನ ಸುಣ್ಣವನ್ನು ತೆಗೆಯದೆ ಅಳೆದೆ. ಆ ಕ್ಯಾಲ್ಸಿಯಂ ಎಲ್ಲ ಲೆಕ್ಕಕ್ಕೆ ಸೇರಿ ಸೂಚ್ಯಂಕ ಕುಸಿಯಿತು. ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಎರಡೂ ದಾರಿ ಎದುರುಬದುರಾದದ್ದು ಒಂದೇ ಪದರದಲ್ಲಿ. ಅಲ್ಲಿ ಸ್ಮೆಕ್ಟೈಟ್ ಇಳಿದು ಕಯೋಲಿನೈಟ್ ಏರಿತ್ತು. ಕಯೋಲಿನೈಟ್ ಹುಟ್ಟುವುದು ಬಿಸಿಲು, ಜೋರು ಮಳೆ ಇರುವ ಕಡೆ ಜಾಸ್ತಿ, ಅಲ್ವಾ? ಮಳೆ ಹೆಚ್ಚಿತ್ತು ಅಂತ ಬರೆದುಕೊಂಡೆ. ಸೂಚ್ಯಂಕವೂ ಹೌದು ಅಂದಿತು. ಆದರೆ ಥೋರಿಯಂ, ಸ್ಕ್ಯಾಂಡಿಯಂ ಎಂಬ ಎರಡು ಧಾತುಗಳ ಅನುಪಾತ ಅದೇ ಪದರದಲ್ಲಿ ಮೇಲಕ್ಕೆ ನೆಗೆದಿತ್ತು. ಲಾವಾ ಗಟ್ಟಿಯಾಗಿ ಆದ ಕಪ್ಪು ಕಲ್ಲು ಬಸಾಲ್ಟ್‌ನಲ್ಲಿ ಈ ಅನುಪಾತ ಕಡಿಮೆ, ಗ್ರಾನೈಟ್‌ನಲ್ಲಿ ಜಾಸ್ತಿ. ಬಂಡೆ ಕೊಳೆತರೂ ಅದು ಅಷ್ಟಾಗಿ ಕದಲುವುದಿಲ್ಲ. ಸ್ಮೆಕ್ಟೈಟ್ ಸುಲಭವಾಗಿ ಹುಟ್ಟುವುದೂ ಬಸಾಲ್ಟ್‌ನಿಂದಲೇ. ಅಂದರೆ ಮೊದಲು ಬದಲಾಗಿದ್ದು ಮಣ್ಣು ಬಂದ ಜಾಗ. ಮಳೆಯೂ ಬದಲಾಗಿತ್ತು ಅನ್ನೋಕೆ ಈ ಒಂದು ಪದರ ಸಾಲದು.

ಇನ್ನೊಂದು ಅನುಮಾನವನ್ನೂ ಇಟ್ಟುಕೊಂಡಿದ್ದೇನೆ. ಕಯೋಲಿನೈಟ್ ದಡದ ಹತ್ತಿರವೇ ತಳ ಸೇರುತ್ತದೆ, ಸ್ಮೆಕ್ಟೈಟ್ ದೂರ ತೇಲುತ್ತದೆ. ಸಮುದ್ರ ಹಿಂದೆ ಸರಿದು ದಡ ಹತ್ತಿರವಾದರೂ ಇದೇ ಚಿತ್ರ ಕಾಣಬಹುದು.

ಕೈಯಲ್ಲಿ ಹಣ ಕಡಿಮೆ ಇದ್ದರೆ ಈಗಲೂ ಎಲ್ಲ ಪದರಕ್ಕೂ ಜೇಡಿ ಖನಿಜ ನೋಡುತ್ತೇನೆ. ಏರಿಳಿತ ಕಂಡಲ್ಲಿ ಮಾತ್ರ, ಅದೇ ಸಣ್ಣ ಕಣಗಳಲ್ಲಿ, ಥೋರಿಯಂ ಮತ್ತು ಸ್ಕ್ಯಾಂಡಿಯಂ ಅಳೆಸುತ್ತೇನೆ. ಆ ಅನುಪಾತ ಕದಲದ ಪದರಗಳಲ್ಲಿ ಮಾತ್ರ ಕಯೋಲಿನೈಟ್ ನೋಡಿ ಮಳೆಯ ಮಾತು ಬರೆಯುತ್ತೇನೆ.