ಹಳೇ ಪಿಕಪ್‌ಗೆ ಯಾವ ಡೀಸೆಲ್ ಟ್ಯಾಂಕ್?

ನವಿ ಮುಂಬೈಯ ವಾಶಿ ಮಾರ್ಕೆಟ್‌ಗೆ ತರಕಾರಿ ಹೊಡೆಯುವ ನಿಮ್ಮ ಗಾಡಿಯ ಟ್ಯಾಂಕ್ ತೂತಾಗಿದೆ ಅಂದಿರಿ. ಹೊಸ ಕಬ್ಬಿಣದ್ದೋ, ಕುರ್ಲಾದ ಗುಜರಿಯದ್ದೋ, ಪ್ಲಾಸ್ಟಿಕ್ಕಿನದ್ದೋ?

ದುಡ್ಡಿನ ಮಾತಾದರೆ ಗುಜರಿಯದ್ದೇ ಅಗ್ಗ. ಆದರೆ ಕೊಳ್ಳುವ ಮುಂಚೆ ಫ್ಲೋಟ್ (ಡೀಸೆಲ್ ಎಷ್ಟಿದೆ ಅಂತ ಅಳೆಯುವ ತೇಲು) ಕೂರುವ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕಳೆದ ಸಲ ನಾನು ನೋಡಿದ್ದು ಹೊರಗೆ ಕರ್ರಗೆ ಮಿಂಚುತ್ತಿತ್ತು. ಒಳಗೆ ಬೆರಳಾಡಿಸಿದರೆ ಚಹಾಪುಡಿಯಂಥ ತುಕ್ಕು. ಆ ಪುಡಿ ಫಿಲ್ಟರ್ ಕಟ್ಟಿಸುತ್ತದೆ, ಅದನ್ನೂ ದಾಟಿದರೆ ಪಂಪಿಗೇ ಕುತ್ತು.

ಬಾಳಿಕೆಯಲ್ಲಿ ಪ್ಲಾಸ್ಟಿಕ್ ಮುಂದೆ, ಕಡಲ ಗಾಳಿಗೂ ಮಳೆನೀರಿಗೂ ಅದು ತುಕ್ಕು ಹಿಡಿಯುವುದಿಲ್ಲ. ತೊಡಕಿರುವುದು ಕೂರಿಸುವುದರಲ್ಲಿ: ಟ್ಯಾಂಕ್ ಬಿಗಿಯುವ ಪಟ್ಟಿ, ಫ್ಲೋಟ್, ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪು ನಿಮ್ಮ ಮಾಡೆಲ್‌ಗೆ ಹೊಂದಬೇಕು, ಟ್ಯಾಂಕ್ ಸೈಲೆನ್ಸರ್‌ನಿಂದ ದೂರವಿರಬೇಕು. ನಿಮ್ಮ ಮಾಡೆಲ್ಲಿನದೇ ಹೊಸ ಕಬ್ಬಿಣದ್ದಾದರೆ ಹಳೇ ಬೋಲ್ಟಿಗೇ ಕೂರುತ್ತದೆ. ಪಟ್ಟಿಯಡಿ ರಬ್ಬರ್ ಹಾಕಿಸಿ. ಅಲ್ಲಿ ಕೆಸರು ನಿಂತೇ ತುಕ್ಕು ಶುರುವಾಗುವುದು. ಒಳಗೆ ಸತು ಬಳಿದದ್ದು ಡೀಸೆಲ್‌ಗೆ ಬೇಡ.

ಒಂದೆರಡು ವರ್ಷ ಓಡಿಸಿ ಮಾರುವುದಾದರೆ ಗುಜರಿಯ ಒಳ್ಳೇ ಟ್ಯಾಂಕ್ ಸಾಕು. ದಿನವೂ ಬಾಡಿಗೆ ತಪ್ಪಬಾರದು ಅಂದರೆ ಹೊಸ ಕಬ್ಬಿಣದ್ದು. ಕೊಂಕಣದ ಕಡೆಗೇ ಹೆಚ್ಚು ಓಡುವ ಗಾಡಿಗೆ, ಹೊಂದುವುದು ಸಿಕ್ಕರೆ, ಪ್ಲಾಸ್ಟಿಕ್. ಹಳೆಯದಕ್ಕೆ ರಸ್ತೆಬದಿಯಲ್ಲಿ ವೆಲ್ಡಿಂಗ್ ಮಾತ್ರ ಮಾಡಿಸಬೇಡಿ, ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿಯಬಹುದು.